ಸಕ್ಕರೆ ಗೊಂಬೆಯ ಹಲ್ಲು

ನಮ್ಮ ಊರಿನಲ್ಲಿ ಇಲ್ಲಿಯವರೆಗೆ ಒಂದೇ ಒಂದು ತುಂಟ ಮಗುವೂ ಸತ್ತಿಲ್ಲ. ಸತ್ತವೆಲ್ಲ ಒಳ್ಳೆಯ ಮಕ್ಕಳೇ. ತಟ್ಟೆಯಲ್ಲಿ ಅಗುಳು ಬಿಡದವು, ಎದುರು ಮಾತಾಡದವು, ಕರೆದರೆ ಓಡಿ ಬಂದವು, ಕರೆಯದಿದ್ದರೆ ಮೂಲೆಯಲ್ಲಿ ಕೈಕಟ್ಟಿ ಕೂತವು. ಬದುಕಿರುವ ಮಕ್ಕಳನ್ನು ನೋಡಿದರೆ ಇದನ್ನು ನಂಬುವುದು ಕಷ್ಟ. ಅವು ಬೇಲಿ ಹಾರುತ್ತವೆ, ಸುಳ್ಳು ಹೇಳುತ್ತವೆ, ಒಂದರ ಜುಟ್ಟು ಇನ್ನೊಂದು ಹಿಡಿದು ಬೀದಿಯಲ್ಲಿ ಉರುಳಾಡುತ್ತವೆ. ಇಂಥ ಗುಂಪಿನಲ್ಲಿ ಸಾವು ಒಳ್ಳೆಯ ಮಕ್ಕಳನ್ನೇ ಹೇಗೆ ಗುರುತು ಹಿಡಿಯುತ್ತದೆ ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ಅವರಿಗೆ ನಾವು ಒಂದು ಲೋಟ ಪಾನಕ ಕೊಟ್ಟು ಕಳಿಸುತ್ತೇವೆ.

ನಮ್ಮ ಹೆಂಗಸರು ಮಾತ್ರ ಸ್ವಲ್ಪ ಹೆದರುಪುಕ್ಕಲರು. ಮಗು ಒಂದು ದಿನ ತಾನಾಗಿ ಕೈಕಾಲು ತೊಳೆದುಕೊಂಡು ಬಂದು ತೆಪ್ಪಗೆ ಊಟಕ್ಕೆ ಕೂತರೆ ಅವರ ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೋಗು, ಏನಾದರೂ ಒಡೆದು ಬಾ ಎಂದು ಅದನ್ನು ಬೀದಿಗೆ ಅಟ್ಟುತ್ತಾರೆ.

ನಮ್ಮ ಪದ್ಧತಿ ಬಹಳ ಸರಳ. ಮಗು ಸತ್ತ ಮನೆಗೆ ಪ್ರತಿ ವರ್ಷ, ಅದು ಸತ್ತ ದಿನದ ಹಿಂದಿನ ಬೆಳಿಗ್ಗೆ, ಊರಿನ ಅಚ್ಚು ಬರುತ್ತದೆ. ಎರಡು ಹೋಳಿನ ಮರದ ಅಚ್ಚು. ನೀರಿನಲ್ಲಿ ನೆನೆಸಿ, ಹೋಳುಗಳನ್ನು ಸೇರಿಸಿ ದಾರದಿಂದ ಬಿಗಿದು, ಕಾಯಿಸಿದ ಸಕ್ಕರೆ ಪಾಕ ಹೊಯ್ದು ಆರಲು ಬಿಟ್ಟರೆ ಮೊಣಕೈ ಉದ್ದದ ಬಿಳಿ ಗೊಂಬೆ ಎದ್ದು ಬರುತ್ತದೆ. ದುಂಡು ಕೆನ್ನೆ, ಒಪ್ಪವಾಗಿ ಬಾಚಿದ ತಲೆ, ಮಡಚಿದ ಕೈ, ನಗುವ ಬಾಯಿ, ಬಾಯಿ ತುಂಬ ಹಲ್ಲು. ಹುಡುಗನಾದರೂ ಅದೇ, ಹುಡುಗಿಯಾದರೂ ಅದೇ. ಒಂದೇ ಅಚ್ಚು ಇರುವುದು ನಮ್ಮ ಬಡತನಕ್ಕಲ್ಲ. ಎರಡಿದ್ದರೆ ಯಾರ ಮಗು ಚೆಂದ ಎಂಬ ಮಾತು ಬರುತ್ತದೆ. ದುಃಖದ ಮನೆಯಲ್ಲಿ ಅಂಥ ಮಾತು ಒಳ್ಳೆಯದಲ್ಲ ಎಂದು ಹಿರಿಯರು ಆಗಲೇ ಯೋಚಿಸಿದ್ದರು.

ಮರುದಿನ ಊರಿಗೆ ಊರೇ ಕಲ್ಯಾಣಿಯ ಮೆಟ್ಟಿಲ ಮೇಲೆ ಸೇರುತ್ತದೆ. ನೀರು ತುಂಬಿದ ಕೊಪ್ಪರಿಗೆಯ ಪಕ್ಕದಲ್ಲಿ ಗೊಂಬೆ ಕೂತಿರುತ್ತದೆ. ಗುಣದಯ್ಯನವರು ಎದ್ದು ನಿಂತು ಸತ್ತ ಮಗುವಿನ ಗುಣ ಹೇಳುತ್ತಾರೆ. ಇರುವೆಯನ್ನೂ ತುಳಿಯದ ಮಗು ಎನ್ನುತ್ತಾರೆ, ನಾವು ಹೌದು ಎನ್ನುತ್ತೇವೆ. ಬೇಡ ಎಂಬ ಮಾತನ್ನೇ ಕಲಿಯದ ಮಗು ಎನ್ನುತ್ತಾರೆ, ನಾವು ಹೌದು ಎನ್ನುತ್ತೇವೆ. ಆಮೇಲೆ ಗೊಂಬೆಯನ್ನು ಕೊಪ್ಪರಿಗೆಗೆ ಬಿಟ್ಟು, ಕರಗುವವರೆಗೆ ತಿರುವಿ, ಬಟ್ಟಲುಗಳಿಗೆ ಹಂಚಿ, ಎಲ್ಲರೂ ಒಟ್ಟಿಗೆ ಕುಡಿಯುತ್ತೇವೆ. ಕುಡಿದ ಮೇಲೆ ಗುಣದಯ್ಯನವರು ಹೇಳಿದ್ದು ತಲೆಯಲ್ಲಿ ಉಳಿಯುತ್ತದೆ, ಉಳಿದದ್ದೆಲ್ಲ ಹೋಗುತ್ತದೆ. ಮಗುವಿನ ಹೆಸರೂ ಹೋಗುತ್ತದೆ. ಅಲ್ಲಿಂದಾಚೆಗೆ ಅದಕ್ಕೆ ಬಂಗಾರ ಎಂದೇ ಹೆಸರು. ನಮ್ಮಲ್ಲಿ ಸತ್ತ ಮಕ್ಕಳೆಲ್ಲ ಬಂಗಾರ.

ಇದನ್ನು ನಾವು ಕರುಣೆ ಎನ್ನುತ್ತೇವೆ. ಎಷ್ಟು ಮಕ್ಕಳು ಸತ್ತರೂ ನಮ್ಮ ಊರಿನಲ್ಲಿ ಅಳುವ ಸದ್ದು ಕೇಳುವುದಿಲ್ಲ, ಬೇಕಾದರೆ ಬಂದು ಕಿವಿಗೊಟ್ಟು ನೋಡಿ.

ಗುಣದಯ್ಯನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಗಂಟಲು ಸುತ್ತಲಿನ ಯಾವ ಊರಿನಲ್ಲೂ ಇಲ್ಲ. ಅವರ ಒಬ್ಬನೇ ಮಗ ಕಲ್ಯಾಣಿಯಲ್ಲಿ ಬಿದ್ದು ಸತ್ತಾಗ, ಅವನ ಗುಣಗಳನ್ನೂ ಅವರೇ ನಿಂತು ಹೇಳಿದರು. ಒಂದು ಕಡೆಯೂ ಗಂಟಲು ಕಟ್ಟಲಿಲ್ಲ. ಅದನ್ನು ನಾವು ಇವತ್ತಿಗೂ ಕೊಂಡಾಡುತ್ತೇವೆ. ಅವರ ಬಲಗೈ ಮಣಿಕಟ್ಟಿನ ಮೇಲೆ ಹಳೆಯ ಗಾಯದ ಕಲೆಯೊಂದಿದೆ. ನಾಯಿ ಕಚ್ಚಿದ್ದು ಎಂದು ಅವರೂ ಹೇಳುತ್ತಿದ್ದರು, ನಾವೂ ಹೇಳುತ್ತಿದ್ದೆವು.

ಇಂಥ ಊರಿನಲ್ಲಿ ಒಬ್ಬ ತಾಯಿ ಇದ್ದಳು. ಅವಳ ಮಗಳು ಜ್ವರ ಬಂದು ಸತ್ತಳು. ಮೊದಲ ವರ್ಷ ಅಚ್ಚು ಬಂತು, ಗೊಂಬೆ ಎದ್ದಿತು, ಗುಣದಯ್ಯನವರು ನಿಂತರು. ಹಸುವಿನಷ್ಟು ಸಾಧು ಮಗು ಎಂದರು, ಕೊಟ್ಟ ಹಾಲನ್ನು ಸದ್ದಿಲ್ಲದೆ ಕುಡಿಯುವ ಮಗು ಎಂದರು, ಒಬ್ಬರನ್ನೂ ನೋಯಿಸದ ಮಗು ಎಂದರು. ತಾಯಿ ಕುಡಿದಳು. ಮಗಳು ಹೋದ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬಂದದ್ದು ಆವತ್ತೇ. ಪಾನಕದಿಂದ ಆದ ಉಪಕಾರವನ್ನು ಅಲ್ಲಗಳೆಯಬಾರದು.

ಹೀಗೆ ಕೆಲವು ವರ್ಷ ಕುಡಿದಳು. ಅವಳ ಗಂಡನೂ ಕುಡಿದ. ಗಂಡಹೆಂಡತಿ ಜಗಲಿಯ ಮೇಲೆ ಕೂತು, ನಮ್ಮ ಬಂಗಾರ ಎಷ್ಟು ಚೆನ್ನಾಗಿ ಹಾಲು ಕುಡಿಯುತ್ತಿತ್ತು ಎಂದು ಮಾತಾಡಿಕೊಳ್ಳುತ್ತಿದ್ದರು. ದಾರಿಯಲ್ಲಿ ಹೋಗುವ ನಮಗೆಲ್ಲ ನೋಡಲು ಸಂತೋಷವಾಗುತ್ತಿತ್ತು.

ಒಂದು ಮಧ್ಯಾಹ್ನ ತಾಯಿ ಒರಳುಕಲ್ಲಿನ ಹಿಂದೆ ಕಸ ಗುಡಿಸುತ್ತಿದ್ದಳು. ಗೋಡೆಯ ಬಿರುಕಿನಲ್ಲಿ ಒಂದು ಕಡ್ಡಿ ಕಂಡಿತು. ಎಳೆದು ನೋಡಿದರೆ ಚಿಗಳಿ. ಹುಣಸೆಹಣ್ಣು, ಉಪ್ಪು, ಒಣಮೆಣಸಿನಕಾಯಿ, ಒಂದು ಚೂರು ಬೆಲ್ಲ ಹಾಕಿ ಕುಟ್ಟಿ, ಕಡ್ಡಿಗೆ ಮೆತ್ತಿಕೊಂಡು ಮಕ್ಕಳು ಚೀಪುತ್ತವಲ್ಲ, ಅದು. ಯಾರಿಗೂ ಸಿಗದ ಹಾಗೆ ಬಚ್ಚಿಟ್ಟದ್ದು, ಒಣಗಿ ಕಪ್ಪಾಗಿತ್ತು. ತಾಯಿ ಅದನ್ನು ಸೆರಗಿನಲ್ಲಿ ಒರೆಸಿ ಬಾಯಿಗೆ ಇಟ್ಟುಕೊಂಡಳು. ಯಾಕೆ ಇಟ್ಟುಕೊಂಡಳು ಎಂದು ಕೇಳಬೇಡಿ, ತಾಯಂದಿರು ಮಕ್ಕಳ ಎಂಜಲು ಬಿಟ್ಟವರಲ್ಲ.

ಹುಳಿ ನಾಲಿಗೆಗೆ ಹತ್ತಿತು, ಖಾರ ಕಿವಿಗೆ ಏರಿತು, ಮೈ ಜುಮ್ಮೆಂದಿತು. ಅದರ ಹಿಂದೆಯೇ ಮಗಳು ಬಂದಳು. ಸಾಧು ಹಸು ಬರಲಿಲ್ಲ, ಮಗಳು ಬಂದಳು. ಬಾಚಣಿಗೆ ಕಂಡರೆ ಹಿತ್ತಲಿಗೆ ಓಡುತ್ತಿದ್ದ ಕೆಂಚು ಕೂದಲಿನವಳು. ಹಾಲನ್ನು ನಾಯಿಗೆ ಹೊಯ್ದು ಖಾಲಿ ಲೋಟ ತೋರಿಸುತ್ತಿದ್ದವಳು. ಸಿಟ್ಟು ಬಂದರೆ ಕೈಗೆ ಸಿಕ್ಕಿದವರನ್ನು ಕಚ್ಚುತ್ತಿದ್ದವಳು, ಒಮ್ಮೆ ಕರುವನ್ನೂ ಕಚ್ಚಿದವಳು. ಸಿಟ್ಟಿನಲ್ಲೇ ನಿದ್ದೆ ಹೋಗಿ, ನಿದ್ದೆಯಲ್ಲೂ ಮುಷ್ಟಿ ಬಿಡದವಳು. ಕೆಂಚಿ ಎಂದು ಅವಳ ಹೆಸರು. ತಾಯಿ ಕಡ್ಡಿಯನ್ನು ಬಾಯಿಂದ ತೆಗೆಯದೆ ಚೀಪಿದಳು. ಮಗಳು ಸತ್ತ ದಿನ ಅವಳಿಗೆ ಎಷ್ಟು ನೋವಾಗಿತ್ತೋ ಅಷ್ಟೂ ನೋವು ಮತ್ತೆ ಆಯಿತು. ಇಷ್ಟು ನೋವಿನಲ್ಲೂ ಅವಳಿಗೆ ಸಂತೋಷವಾಯಿತು.

ಚಿಗಳಿ ಮುಗಿಯಿತು. ಒಂದು ವಿಷಯ ಮಾತ್ರ ಬರಲಿಲ್ಲ. ಕೆಂಚಿ ಸತ್ತಾಗ ಅವಳ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೊಂದು ಬಿದ್ದಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಎಡಗಡೆಯದೋ ಬಲಗಡೆಯದೋ? ತಾಯಿ ಕಣ್ಣು ಮುಚ್ಚಿ ಮಗಳನ್ನು ನಗಿಸಿ ನೋಡಿದಳು. ಒಮ್ಮೆ ಎಡಕ್ಕೆ ಸಂದಿ ಕಾಣುತ್ತಿತ್ತು, ಒಮ್ಮೆ ಬಲಕ್ಕೆ, ಒಮ್ಮೊಮ್ಮೆ ಬಾಯಿ ತುಂಬ ಅಚ್ಚಿನ ಹಲ್ಲು ಕಾಣುತ್ತಿತ್ತು. ಅದು ಕಂಡಾಗಲೆಲ್ಲ ಅವಳು ತಟ್ಟನೆ ಕಣ್ಣು ತೆರೆಯುತ್ತಿದ್ದಳು. ಮುಂದಿನ ವರ್ಷದ ಪಾನಕ ಕುಡಿದರೆ ಉಳಿದದ್ದೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಗಂಡನನ್ನು ಕೇಳಿದಳು.

"ಕೆಂಚಿಗೆ ಮುಂದಿನ ಹಲ್ಲು ಬಿದ್ದಿತ್ತಲ್ಲ, ಯಾವ ಕಡೇದು?"

"ಕೆಂಚಿ ಅಂದ್ರೆ ಯಾರೇ?" ಎಂದ ಗಂಡ.

ಅವಳು ಹೇಳಿದಳು. ಅವನು ಮರುಕದಿಂದ ಅವಳ ತಲೆ ಸವರಿದ. "ನಮ್ಮ ಬಂಗಾರನಾ? ಬಂಗಾರಂಗೆ ಎಲ್ಲಾ ಹಲ್ಲೂ ಇದ್ವಲ್ಲ" ಎಂದ. ಅವನು ಕೆಟ್ಟವನಲ್ಲ. ಪ್ರತಿ ವರ್ಷ ಬಟ್ಟಲಿನ ತಳ ಕಾಣುವವರೆಗೆ ಕುಡಿದವನು, ಅಷ್ಟೇ. ಚಿಗಳಿ ಕುಟ್ಟಿ ಕೊಡುತ್ತೇನೆ, ಚೀಪಿ ನೋಡು ಎಂದರೆ ಎದೆಯುರಿ ಬರುತ್ತದೆ ಎಂದು ಎದ್ದು ಹೋದ.

ತಾಯಿ ಗುಣದಯ್ಯನವರ ಮನೆಗೆ ಹೋದಳು. ಈ ವರ್ಷ ಗುಣ ಹೇಳುವಾಗ ನನ್ನ ಮಗಳು ಕಚ್ಚುತ್ತಿದ್ದಳು ಎಂದು ಒಂದು ಮಾತು ಸೇರಿಸಿ ಎಂದು ಕೈಮುಗಿದು ಕೇಳಿಕೊಂಡಳು. ಗುಣದಯ್ಯನವರಿಗೆ ನಿಜವಾಗಿಯೂ ಬೇಸರವಾಯಿತು. ಹೆತ್ತವಳೇ ಸತ್ತ ಮಗುವಿನ ಹೆಸರು ಕೆಡಿಸಲು ಬಂದರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ.

"ನಾನೂ ಮಗನ್ನ ಕಳ್ಕೊಂಡೋನೇ ಕಣವ್ವ" ಎಂದರು. "ನನ್ನ ಮಗ ಇರುವೇನೂ ತುಳೀತಿರಲಿಲ್ಲ. ಬೇಡ ಅನ್ನೋ ಮಾತೇ ಅವನಿಗೆ ಗೊತ್ತಿರಲಿಲ್ಲ. ದೊಡ್ಡೋರು ಬಂದ್ರೆ ಎದ್ದು ನಿಲ್ತಿದ್ದ."

"ಆಮೇಲೆ ಅಯ್ಯ?" ಎಂದಳು ತಾಯಿ.

ಗುಣದಯ್ಯನವರು ಶಲ್ಯ ಸರಿಮಾಡಿಕೊಂಡರು. "ಇರುವೇನೂ ತುಳೀತಿರಲಿಲ್ಲ" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ತಾಯಿ ಪೂರ್ತಿ ಕೇಳಿಸಿಕೊಂಡು, ನಮಸ್ಕಾರ ಮಾಡಿ, ಮನೆಗೆ ಬಂದು ಹುಣಸೆಹಣ್ಣು ನೆನೆಹಾಕಿದಳು.

ಅಚ್ಚು ಬಂದ ದಿನ ಅವಳು ಮಾಡಿದ ಕೆಲಸವನ್ನು ನಾವು ಆಮೇಲೆ ತಿಳಿದುಕೊಂಡೆವು. ಪಾಕ ಹೊಯ್ದು, ಅದು ಅಂಚಿಗೆ ತೆಳ್ಳಗೆ ಹತ್ತಿಕೊಳ್ಳುತ್ತಲೇ ಉಳಿದದ್ದನ್ನು ಬಗ್ಗಿಸಿ ತೆಗೆದಳು. ಗೊಂಬೆಯ ಹೊಟ್ಟೆ ಟೊಳ್ಳಾಯಿತು. ಆ ಟೊಳ್ಳಿಗೆ ಚಿಗಳಿ ತುಂಬಿದಳು. ಮೆಣಸಿನಕಾಯಿಯಲ್ಲಿ ಜಿಪುಣತನ ಮಾಡಲಿಲ್ಲ. ತಳವನ್ನು ಸಕ್ಕರೆಯಿಂದ ಮುಚ್ಚಿದಳು. ಆಮೇಲೆ ಸೂಜಿ ತೆಗೆದುಕೊಂಡು ಗೊಂಬೆಯ ಮುಖವನ್ನು ಬೆಳಕಿಗೆ ಹಿಡಿದು ಕೂತಳು. ಎಡವೋ, ಬಲವೋ? ಕಡೆಗೆ ದೇವರ ಮೇಲೆ ಭಾರ ಹಾಕಿ ಬಲಗಡೆಯ ಹಲ್ಲನ್ನು ಸೂಜಿಯಿಂದ ಕೆರೆದು ತೆಗೆದಳು. ಬೆರಳಿಗೆ ಅಂಟಿದ ಸಕ್ಕರೆಯನ್ನು ನೆಕ್ಕದೆ ಸೆರಗಿಗೆ ಒರೆಸಿಕೊಂಡಳು.

ಬೆಳಿಗ್ಗೆ ನಾವೆಲ್ಲ ಮೆಟ್ಟಿಲ ಮೇಲೆ ಸೇರಿದೆವು. ಗೊಂಬೆ ಕೂತಿತ್ತು. ಅದರ ಹಲ್ಲು ಹೋದದ್ದು ಯಾರಿಗೂ ಕಾಣಲಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರೂ ಗೊಂಬೆಯ ಮುಖ ನೋಡುವುದಿಲ್ಲ, ಅದು ಹೇಗಿರುತ್ತದೆ ಎಂದು ಗೊತ್ತಲ್ಲ. ಗುಣದಯ್ಯನವರು ಶಲ್ಯ ಸರಿಮಾಡಿಕೊಂಡು ನಿಂತರು. ಹಸುವಿನಷ್ಟು ಸಾಧು ಮಗು ಎಂದರು, ಹೌದು ಎಂದೆವು. ಕೊಟ್ಟ ಹಾಲನ್ನು ಸದ್ದಿಲ್ಲದೆ ಕುಡಿಯುವ ಮಗು ಎಂದರು, ಹೌದು ಎಂದೆವು. ಗೊಂಬೆಯನ್ನು ಕೊಪ್ಪರಿಗೆಗೆ ಬಿಟ್ಟು ತಿರುವಿದರು. ನೀರು ಕೆಂಪಾಯಿತು, ಆಮೇಲೆ ಕೆಸರಿನ ಬಣ್ಣಕ್ಕೆ ಬಂತು. ಅದನ್ನೂ ಯಾರೂ ಗಮನಿಸಲಿಲ್ಲ. ಆ ಹೊತ್ತಿಗೆ ನಾವು ಪಕ್ಕದವರು ಎಷ್ಟು ಮರುಗುತ್ತಿದ್ದಾರೆ ಎಂದು ನೋಡುವುದರಲ್ಲಿ ಇರುತ್ತೇವೆ. ಬಟ್ಟಲು ಹಂಚಿದರು. ಗುಣದಯ್ಯನವರು ತಮ್ಮ ಬಟ್ಟಲು ಎತ್ತಿದರು, ನಾವೂ ಎತ್ತಿ ಒಂದೇ ಗುಟುಕಿಗೆ ಇಳಿಸಿದೆವು.

ಮುಂದೆ ನಡೆದದ್ದನ್ನು ಹೇಳಲು ನಮಗೆ ಸ್ವಲ್ಪ ನಾಚಿಕೆ. ಮೊದಲು ಎಲ್ಲರ ಮುಖವೂ ಕಿವುಚಿಕೊಂಡಿತು. ಆಮೇಲೆ ಮೂಗು ಸುರಿಯಿತು, ಆಮೇಲೆ ಕಣ್ಣು. ಕೆಮ್ಮು ನಿಂತ ಮೇಲೂ ಕಣ್ಣು ಸುರಿಯುವುದು ನಿಲ್ಲಲಿಲ್ಲ. ಖಾರ, ಖಾರ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಮೇಲಿನ ಮೆಟ್ಟಿಲಿನ ಒಬ್ಬ ಮುದುಕಿ, ನನ್ನ ಹಿತ್ತಲಿನ ಸೀಬೆಗಿಡ ಬರಿದು ಮಾಡಿದವಳು ಅವಳೇ ಎಂದು ನಗಲು ಶುರು ಮಾಡಿ, ನಗುತ್ತಲೇ ಎದೆ ಬಡಿದುಕೊಂಡು ಅತ್ತಳು. ಊರಿನಲ್ಲಿ ಅಳು ಕೇಳಿ ಎಷ್ಟೋ ಕಾಲವಾಗಿತ್ತು. ಮೆಟ್ಟಿಲ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಆ ತಾಯಿಯ ಗಂಡ ಖಾಲಿ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ.

"ಕೆಂಚಿ" ಎಂದ. "ಕೆಂಚಿ ಹಾಲು ಕುಡೀತಿರಲಿಲ್ಲ ಕಣೇ. ನಾಯಿಗೆ ಹುಯ್ತಿದ್ದಳು. ಅದಕ್ಕೆ ನಾನು ಅವಳಿಗೆ ಹೊಡೆದಿದ್ದೆ."

ಹೆಂಡತಿ ಅವನ ತೋಳು ಹಿಡಿದಳು. ಯಾವ ಹಲ್ಲು ಎಂದು ಮತ್ತೆ ಕೇಳಿದಳು. ಅವನು ಗೊತ್ತಿಲ್ಲ ಎಂದು ತಲೆಯಾಡಿಸಿದ. ಅದನ್ನು ಅವನು ಮರೆತದ್ದಲ್ಲ, ಮಗಳು ಇದ್ದಾಗಲೇ ನೋಡಿರಲಿಲ್ಲ.

ಅಷ್ಟರಲ್ಲಿ ಗುಣದಯ್ಯನವರು ತಮ್ಮ ಬಲಗೈಯನ್ನು ಮುಖದ ಹತ್ತಿರ ಹಿಡಿದು ನೋಡುತ್ತಿರುವುದು ನಮಗೆ ಕಂಡಿತು. ಅವರ ಗಂಟಲು ಮೊದಲ ಸಲ ಕಟ್ಟಿತ್ತು.

"ಇದು ನಾಯಿ ಅಲ್ಲ" ಎಂದರು. "ಇದು ಕೆಂಚಿ ಕಚ್ಚಿದ್ದು."

ನಮಗೂ ಆಗ ನೆನಪಾಯಿತು. ಗುಣದಯ್ಯನವರು ತಮ್ಮ ಮಗನ ಗುಣ ಮೊದಲ ಸಲ ಹೇಳಿದ ಆ ದಿನವೇ ಅದು ನಡೆದದ್ದು. ಕೆಂಚಿ ಆಗ ಇನ್ನೂ ಇದ್ದಳು, ಅವಳಿಗೆ ಜ್ವರ ಬಂದದ್ದು ಅದಾದ ಕೆಲವೇ ದಿನಕ್ಕೆ. ಎಲ್ಲರೂ ಹೌದು ಎಂದು ಬಟ್ಟಲು ಎತ್ತುವಾಗ ಅವಳೊಬ್ಬಳು ಸುಳ್ಳು, ಸುಳ್ಳು ಎಂದು ಕೂಗುತ್ತ ಮೆಟ್ಟಿಲಿಳಿದು ಬಂದಿದ್ದಳು. ಗುಣದಯ್ಯನವರು ಅವಳ ಗದ್ದ ಹಿಡಿದು ಬಾಯಿಗೆ ಬಟ್ಟಲು ಒತ್ತಿದ್ದರು. ಅವಳು ಬಟ್ಟಲು ಬಿಟ್ಟು ಕೈಗೆ ಬಾಯಿ ಹಾಕಿದ್ದಳು. ಒಂದು ಹನಿ ಪಾನಕವೂ ಅವಳ ಗಂಟಲಿಗೆ ಇಳಿದಿರಲಿಲ್ಲ. ನಾವು ಮಾತ್ರ ನಮ್ಮ ಪಾಲಿನದನ್ನು ಕುಡಿದಿದ್ದೆವು, ಆದ್ದರಿಂದ ಸಂಜೆಯೊಳಗೆ ಅದನ್ನು ನಾಯಿ ಮಾಡಿದ್ದೆವು.

ತಾಯಿ ಮೆಟ್ಟಿಲಿಳಿದು ಬಂದಳು. ಕೇಳದೆ, ಹೇಳದೆ ಗುಣದಯ್ಯನವರ ಕೈ ಹಿಡಿದುಕೊಂಡಳು. ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ಇತ್ತು, ನಡುವೆ ಒಂದು ಕಡೆ ಗುರುತಿರಲಿಲ್ಲ, ಬರಿಯ ಚರ್ಮವಿತ್ತು. ಅವಳು ಆ ಕೈಯನ್ನು ತಿರುಗಿಸಿ, ಮಗಳು ಹಿಡಿದಿರಬಹುದಾದ ಹಾಗೆ ಹಿಡಿದು, ತನ್ನ ಬಾಯಿಗೆ ತಂದುಕೊಂಡಳು. ಗುರುತಿನ ಮೇಲೆ ತನ್ನ ಹಲ್ಲುಗಳನ್ನು ಒತ್ತದೆ ಸುಮ್ಮನೆ ಇಟ್ಟಳು. ಮುತ್ತೈದೆಯೊಬ್ಬಳು ಊರೆಲ್ಲ ನೋಡುತ್ತಿರುವಾಗ ಪರಪುರುಷನ ಕೈಯನ್ನು ಬಾಯಿಗೆ ಇಟ್ಟುಕೊಂಡಿದ್ದನ್ನು ನಮ್ಮ ಮರ್ಯಾದಸ್ಥ ಊರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಯಾರಾದರೂ ತಡೆಯಬೇಕಿತ್ತು. ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದೆವು.

ಅವಳು ಕೈಯನ್ನು ಬಾಯಿಂದ ತೆಗೆದು ಗಂಡನ ಕಡೆ ತಿರುಗಿದಳು.

"ಎಡಗಡೇದು" ಎಂದಳು. "ನಾನು ಬಲಗಡೇದು ತೆಗೆದುಬಿಟ್ಟೆ."

ಹೀಗೆಂದು ಅವಳು ಅತ್ತಳು. ಅಷ್ಟು ಗಟ್ಟಿಯಾಗಿ, ಅಷ್ಟು ಸುಖವಾಗಿ ಅತ್ತವರನ್ನು ನಾವು ನೋಡಿಲ್ಲ.

ಗುಣದಯ್ಯನವರು ಕೈ ಹಿಂತೆಗೆದುಕೊಳ್ಳಲಿಲ್ಲ. ಅವಳ ಅಳು ಇಳಿಯುವವರೆಗೆ ಕಾದರು. ಅವಳ ಚಿಗಳಿ ಅವಳ ಮಗಳನ್ನು ತಂದಿತ್ತು, ಅವರ ಮಗನನ್ನು ತಂದಿರಲಿಲ್ಲ. ಕೂಗುತ್ತ ಬಂದ ಹುಡುಗಿಯ ಬಾಯಿ ಅವರಿಗೆ ಕಾಣುತ್ತಿತ್ತು, ಸುಳ್ಳು ಎಂದದ್ದರ ಮುಂದಿನ ಮಾತು ಕೇಳುತ್ತಿರಲಿಲ್ಲ.

"ಅವತ್ತು ನಿನ್ನ ಮಗಳು ನನ್ನ ಮಗನ ವಿಷಯ ಏನೋ ಕೂಗಿದಳು" ಎಂದರು. "ಏನು ಅಂತ ನಿನಗೆ ಗೊತ್ತಾ ತಾಯಿ?"

ಅವಳಿಗೆ ಗೊತ್ತಿತ್ತು. ಆವತ್ತು ಮನೆಯ ದಾರಿಯುದ್ದಕ್ಕೂ ಕೆಂಚಿ ಅದನ್ನೇ ಗೊಣಗುತ್ತ ಬಂದಿದ್ದಳು. ತಾಯಿ ಕಣ್ಣೊರೆಸಿಕೊಂಡು ಹೇಳಿದಳು. ಗುಣದಯ್ಯನವರ ಮಗನ ಹೆಸರು ನಂಜ. ನಂಜ ಉಗುಳುತ್ತಿದ್ದ. ಊರಿನಲ್ಲಿ ಅವನಷ್ಟು ದೂರ ಉಗುಳುವವರು ಯಾರೂ ಇರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು ಉಗುಳಿದರೆ ಕಲ್ಯಾಣಿಯ ನಡುವಿನ ಕಲ್ಲುಕಂಬಕ್ಕೆ ಬೀಳುತ್ತಿತ್ತು. ಕೆಂಚಿಗೂ ಕಲಿಸುತ್ತಿದ್ದ. ಹಲ್ಲು ಬಿದ್ದಾಗ ಆ ಸಂದಿಯಿಂದ ಉಗುಳಿದರೆ ಇನ್ನೂ ದೂರ ಹೋಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನೇ ಅವನು. ಇರುವೆಗಳನ್ನು ಅಟ್ಟಿಸಿಕೊಂಡು ಹೋಗಿ ತುಳಿಯುತ್ತಿದ್ದ.

"ತುಳೀತಿದ್ದನಾ?" ಎಂದರು ಗುಣದಯ್ಯನವರು.

"ಬಿಡ್ತಿರಲಿಲ್ಲವಂತೆ ಅಯ್ಯ, ಒಂದನ್ನೂ" ಎಂದಳು ತಾಯಿ.

ಊರು ಸುಮ್ಮನೆ ಕೂರಲಿಲ್ಲ. ಮರುದಿನವೇ ಸಭೆ ಸೇರಿ, ಆವತ್ತು ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೇ ಎಂದು ಒಮ್ಮತದಿಂದ ತೀರ್ಮಾನಿಸಿದೆವು. ಇನ್ನು ಮುಂದೆ ಗೊಂಬೆಯನ್ನು ಕರಗಿಸುವ ಮೊದಲು ಹಿರಿಯರೊಬ್ಬರು ಅದರ ಕಾಲ ಬೆರಳನ್ನು ಮುರಿದು ರುಚಿ ನೋಡತಕ್ಕದ್ದು ಎಂದು ಗೊತ್ತು ಮಾಡಿದೆವು. ಹಿರಿಯರು ನೋಡುತ್ತಾರೆ. ನೋಡಿದವರು ಯಾಕೋ ಬೇಗ ಬೇಗ ಕಣ್ಣು ಒರೆಸಿಕೊಂಡು, ಸಿಹಿಯಾಗಿದೆ, ಸಿಹಿಯಾಗಿದೆ ಎನ್ನುತ್ತಾರೆ. ಊರಿನಲ್ಲಿ ಈಗ ಹುಣಸೆಹಣ್ಣು ಸಿಗುವುದು ಕಷ್ಟವಾಗಿದೆ. ಯಾರ ಮನೆಗೆ ಹೋಗುತ್ತಿದೆಯೋ ಗೊತ್ತಿಲ್ಲ.

ಕಲ್ಯಾಣಿಗೆ ಉಗುಳುವುದು ನಮ್ಮಲ್ಲಿ ದೊಡ್ಡ ತಪ್ಪು. ಆದರೂ ಬೆಳಿಗ್ಗೆ ಆ ಕಡೆ ಹೋದರೆ ಗುಣದಯ್ಯನವರು ಮೇಲಿನ ಮೆಟ್ಟಿಲಲ್ಲಿ ನಿಂತಿರುವುದು ಕಾಣುತ್ತದೆ. ಪಕ್ಕದಲ್ಲಿ ಆ ತಾಯಿ ಕೂತಿರುತ್ತಾಳೆ. ಅವರು ಬಾಯಿಯಲ್ಲಿ ಉಗುಳು ಕೂಡಿಸಿಕೊಂಡು, ಹಿಂದಕ್ಕೆ ವಾಲಿ, ಕಂಬದ ಕಡೆ ಗುರಿಯಿಟ್ಟು ಉಗುಳುತ್ತಾರೆ. ಅಷ್ಟು ದೊಡ್ಡ ಗಂಟಲಿನವರು, ಉಗುಳು ಮಾತ್ರ ಅವರ ಶಲ್ಯದ ಮೇಲೆಯೇ ಬೀಳುತ್ತದೆ.

"ಇದಕ್ಕಿಂತ ದೂರ ಹೋಗ್ತಿತ್ತಾ?" ಎಂದು ಕೇಳುತ್ತಾರೆ.

"ಇನ್ನೂ ಬಹಳ ದೂರ ಅಯ್ಯ" ಎನ್ನುತ್ತಾಳೆ ಅವಳು.

ಗುಣದಯ್ಯನವರು ಶಲ್ಯ ಒರೆಸಿಕೊಳ್ಳುವುದಿಲ್ಲ. ಕಂಬವನ್ನೇ ನೋಡುತ್ತ, ಮತ್ತೆ ಉಗುಳು ಕೂಡಿಸಿಕೊಳ್ಳುತ್ತಾರೆ.